ಅಜ್ಜ ಎಲ್ಲಿಗೆ ಹೋದ?

ಭರಮಸಾಗರದ ಸುತ್ತಿನ ಹಳ್ಳಿಗಳಲ್ಲಿ ಸಾವು ಮಕ್ಕಳ ಕಣ್ಣಿಗೆ ಬೀಳದ ಸಂಗತಿಯಲ್ಲ. ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ದೇಹವನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂಮಾಲೆ ಹಾಕುತ್ತಾರೆ. ಹತ್ತಿರದ ಸಿರಿಗೆರೆಯಲ್ಲಿ, 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದ ಅಲ್ಲಿನ ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಶ್ರದ್ಧಾಂಜಲಿ ವರ್ಷವರ್ಷವೂ ನಡೆಯುತ್ತದೆ. ಕರುವನ್ನು ಅಗಲಿ ಸಾವಿನ ಬಾಯಿಗೆ ನಡೆಯುವ ಪುಣ್ಯಕೋಟಿಯನ್ನು ಹಾಡಿಕೊಂಡೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ.

ಆದರೂ ನಾಲ್ಕು ವರ್ಷದ ಮಗು ‘ಅಜ್ಜ ಎಲ್ಲಿಗೆ ಹೋದ?’ ಎಂದರೆ ದೊಡ್ಡವರ ಬಾಯಿ ಕಟ್ಟುತ್ತದೆ. ‘ಊರಿಗೆ ಹೋಗ್ಯಾನೆ’, ‘ಮಲಗ್ಯಾನೆ’, ‘ದೇವರು ಕರ್ಕೊಂಡ’ ಎಂದು ತೇಲಿಸಿಬಿಡುತ್ತಾರೆ. ಊರಿಗೆ ಹೋದವನು ಬಸ್ಸಿಳಿದು ಬರಬೇಕಲ್ಲ? ಮಗು ಕಾಯುತ್ತದೆ. ಮಲಗಿದವನನ್ನೇ ಮಣ್ಣು ಮಾಡಿದರೆಂದು ತಿಳಿದ ಮಗು ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ.

ಈ ಹೆದರಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದರ ಹುಡುಕಾಟ ಬಹಳ ಹಳೆಯದಲ್ಲ. ಇಂಗ್ಲೆಂಡಿನ ಸಿಲ್ವಿಯಾ ಆಂಥೊನಿ 1940ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಹಂಗೆರಿಯ ಮಾರಿಯಾ ನಾಗಿ 3ರಿಂದ 10 ವರ್ಷದೊಳಗಿನ 378 ಮಕ್ಕಳ ಮಾತು, ಚಿತ್ರ, ಬರಹಗಳನ್ನು ಕಲೆಹಾಕಿ 1948ರಲ್ಲಿ ಪ್ರಕಟಿಸಿದರು. ನಾಗಿ ಕಂಡಂತೆ, ಐದರೊಳಗಿನ ಮಕ್ಕಳಿಗೆ ಸಾವೆಂದರೆ ನಿದ್ದೆ ಅಥವಾ ಪ್ರಯಾಣ. ಅದಕ್ಕಿಂತ ದೊಡ್ಡವರಿಗೆ ಅದು ಬಂದು ಎಳೆದೊಯ್ಯುವ ಒಬ್ಬ ವ್ಯಕ್ತಿ. ಎಲ್ಲರಿಗೂ ತಪ್ಪದ ಕೊನೆ ಎಂಬ ತಿಳಿವು ಮೂಡುವುದು ಒಂಬತ್ತರ ಹೊತ್ತಿಗೆ ಎಂದರು ನಾಗಿ. ನಡುವಿನ ಹಂತ ನಂತರದ ಅಧ್ಯಯನಗಳಲ್ಲಿ ಅಷ್ಟಾಗಿ ಕಾಣಲಿಲ್ಲ. 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಮಗು ಅರಿಯಬೇಕಾದದ್ದು ಮೂರು ಎಂದರು: ಸತ್ತವರು ಮರಳಿ ಬರುವುದಿಲ್ಲ, ಅವರಿಗೆ ಹಸಿವು ನೋವು ಉಸಿರು ಇರುವುದಿಲ್ಲ, ಸಾವು ಯಾರನ್ನೂ ಬಿಡುವುದಿಲ್ಲ. ಅವರ ಲೆಕ್ಕದಲ್ಲಿ ಹೆಚ್ಚಿನ ಮಕ್ಕಳು ಒಂಬತ್ತರವರೆಗೆ ಕಾಯದೆ ಐದರಿಂದ ಏಳರೊಳಗೇ ಇದನ್ನು ಗ್ರಹಿಸುತ್ತಾರೆ. ‘ಮಲಗ್ಯಾನೆ’ ಎಂಬ ಒಂದೇ ಮಾತು ಮೊದಲ ಎರಡನ್ನೂ ಕೆಡಿಸುತ್ತದೆ.

ಇವೆಲ್ಲ ಆರೋಗ್ಯವಂತ ಮಕ್ಕಳ ಮಾತಾಯಿತು. ಸಾಯುತ್ತಿರುವ ಮಗುವಿಗೇ ಏನು ಹೇಳಬೇಕು? ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ರಕ್ತದ ಕ್ಯಾನ್ಸರಿನ ಪುಟ್ಟ ಮಕ್ಕಳ ಜೊತೆ ಆಸ್ಪತ್ರೆಯಲ್ಲಿ ಕಾಲ ಕಳೆದು 1978ರಲ್ಲಿ ಬರೆದದ್ದು ಓದಿದರೆ ಕರುಳು ಹಿಂಡುತ್ತದೆ. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಾವು ಸಾಯುತ್ತೇವೆಂದು ಗೊತ್ತಿತ್ತು. ಅಪ್ಪ ಅಮ್ಮನಿಗೆ ನೋವಾಗದಿರಲೆಂದು ಮಕ್ಕಳೇ ಗೊತ್ತಿಲ್ಲದವರಂತೆ ಇರುತ್ತಿದ್ದರು. 2004ರಲ್ಲಿ ಸ್ವೀಡನ್ನಿನ ಸಂಶೋಧಕರು ಕ್ಯಾನ್ಸರಿಗೆ ಮಕ್ಕಳನ್ನು ಕಳೆದುಕೊಂಡ ಹೆತ್ತವರನ್ನು ವಿಚಾರಿಸಿದರು. ಸಾವಿನ ಬಗ್ಗೆ ಮಗುವಿನೊಡನೆ ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರೂ ಪಶ್ಚಾತ್ತಾಪ ಪಡಲಿಲ್ಲ. ಮಾತಾಡದೆ ಉಳಿದ 258 ಮಂದಿಯಲ್ಲಿ 69 ಜನ ಪಟ್ಟರು.

ಕರ್ನಾಟಕದಲ್ಲಿ ಮಕ್ಕಳಿಗೆ ಸಾವಿನ ಸುದ್ದಿ ತಿಳಿಸುವ ಹೊತ್ತನ್ನು ಯೋಚಿಸಿದ ಒಂದು ದಿನ ನೆನಪಿಗೆ ಬರುತ್ತದೆ. 2019ರ ಜನವರಿ 21ರಂದು ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಮಠದ ಮಕ್ಕಳ ಊಟ ಮುಗಿದ ಮೇಲೆಯೇ ತಮ್ಮ ಸಾವನ್ನು ಪ್ರಕಟಿಸಬೇಕೆಂದು ಅವರು ಬಯಸಿದ್ದರೆಂದು ಆಗ ಪತ್ರಿಕೆಗಳು ಬರೆದವು. ಸುದ್ದಿ ಹೇಗಿದ್ದರೂ ಮುಟ್ಟುತ್ತದೆ, ಮಕ್ಕಳು ಹಸಿದಿರಬಾರದು ಎಂಬ ಈ ಕಾಳಜಿ ಯಾವ ಮನಃಶಾಸ್ತ್ರಕ್ಕೂ ಕಡಿಮೆಯಲ್ಲ.

ಎರಡೇ ವರ್ಷದಲ್ಲಿ ಕೊರೊನಾ ಎರಡನೇ ಅಲೆ ಬಂತು. ಅಮ್ಮನ ಮುಖವನ್ನೂ ಕಾಣದೆ ಮಕ್ಕಳು ತಬ್ಬಲಿಗಳಾದರು. ಅಂಥವರಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆಯನ್ನು ರಾಜ್ಯ ಸರ್ಕಾರ 2021ರ ಮೇ ತಿಂಗಳಲ್ಲಿ ಘೋಷಿಸಿತು. ಸಂಕಷ್ಟದಲ್ಲಿರುವ ಮಕ್ಕಳ ಮನಸ್ಸಿನ ಆರೈಕೆಗೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರ ಸರ್ಕಾರದ ‘ಸಂವಾದ್’ ಯೋಜನೆಯೂ ಶುರುವಾಗಿದೆ. ಅಲ್ಲಿನ ತಿಳಿವಳಿಕೆ ಭರಮಸಾಗರದ ಅಂಗನವಾಡಿಗೂ ಇಳಿಯಬೇಕು. ಸಾವಾದ ಮನೆಯ ಮಗು ವಾರದ ನಂತರ ಮೊದಲು ಬಂದು ಕೂರುವುದು ಅಲ್ಲಿಯೇ. ‘ನಾನು ಹಟ ಮಾಡಿದ್ದಕ್ಕೆ ಅಮ್ಮ ಸತ್ಲಾ?’ ಎಂದು ಅದು ಕೇಳಬಹುದು. ‘ಇಲ್ಲ ಕಂದ, ಅಮ್ಮಂಗೆ ದೊಡ್ಡ ಕಾಯಿಲೆ ಬಂದಿತ್ತು, ನಿನ್ನಿಂದ ಏನೂ ಆಗಲಿಲ್ಲ’ ಎಂದು ಟೀಚರ್ ಹೇಳಬೇಕು. ನಾಳೆ ಅದೇ ಪ್ರಶ್ನೆ ಬಂದರೆ ಅದೇ ಮಾತನ್ನು ಮತ್ತೆ ಹೇಳಬೇಕು.