ಮಾರಿಕಣಿವೆ ದಂಡೆ ಯಾರದ್ದು?

ಹಿರಿಯೂರಿನ ಮಾರಿಕಣಿವೆ ಹಿನ್ನೀರಿನ ಪಕ್ಕ ಟೆಂಟ್ ಹಾಕೋ ಪ್ಲ್ಯಾನ್ ಇದೆಯಾ? ಹಾಗಾದ್ರೆ ಇವತ್ತಿನ ಕಥೆ ನಿಮಗೇ.

ವೇದಾವತಿ ನದಿಗೆ ಅಡ್ಡವಾಗಿ, ಎರಡು ಗುಡ್ಡಗಳ ನಡುವೆ, ಮೈಸೂರು ಸಂಸ್ಥಾನ 1898ರಲ್ಲಿ ಅಣೆಕಟ್ಟು ಕಟ್ಟೋಕೆ ಶುರು ಮಾಡಿತು. ಮುಗಿದಿದ್ದು 1907ರಲ್ಲಿ. ಕೆಲಸ ಶುರುವಾದಾಗ ರಾಜ್ಯಭಾರ ಇದ್ದಿದ್ದು ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಕೈಯಲ್ಲಿ. ಅದಕ್ಕೇ ಇದು ವಾಣಿವಿಲಾಸ ಸಾಗರ.

ಪೂರ್ತಿ ಮಟ್ಟ 130 ಅಡಿ, ಸಾಮರ್ಥ್ಯ 30 ಟಿಎಂಸಿ. ಆದರೆ ನಮ್ಮದು ಮಳೆ ಕಮ್ಮಿ ಇರೋ ಸೀಮೆ. 1933ರಲ್ಲಿ ಕೋಡಿ ಬಿದ್ದ ಡ್ಯಾಂ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷ ಆದಮೇಲೆ! ಅಜ್ಜ ಹುಟ್ಟಿ, ಮೊಮ್ಮಗ ಡಿಗ್ರಿ ಮುಗಿಸೋವಷ್ಟು ಕಾಲ ಅದು. ಅಷ್ಟರಲ್ಲಿ ಒಣಗಿದ ದಂಡೆ ನಮ್ಮದೇ ಅನ್ನೋ ನಂಬಿಕೆ ಬೇರೂರಿತ್ತು. ನೀರು ವಾಪಸ್ ಬಂತು, ಹೊಸದುರ್ಗ ಕಡೆ ಹಿನ್ನೀರಿನ ಹೊಲ, ತೋಟ ಮುಳುಗಿದವು. 2025ರ ಜನವರಿಯಲ್ಲಿ ಮತ್ತೆ ಕೋಡಿ.

ನಾನು ಬಿಕಾಂ ಓದಿದ್ದೀನಿ, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ಆ ದಂಡೆ ನೀರಿನ ಆಸ್ತಿ, ನಮಗೆ ಸಿಕ್ಕಿರೋದು ಸಾಲ. ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ, ಟೆಂಟ್ ನೀರಿನ ಗುರುತಿಗಿಂತ ಮೇಲೆ ಹಾಕಿ. ಮುಂದಿನ ಎಪಿಸೋಡಲ್ಲಿ ಸಿಗೋಣ.