ಪೊಲೀಸ್ ರಿವಾಲ್ವರ್: ಮಾಸದ ಆಕರ್ಷಣೆ

ಪೊಲೀಸ್ ರಿವಾಲ್ವರ್‌ಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಸ್ಮಿತ್ ಆ್ಯಂಡ್ ವೆಸ್ಸನ್ ಸಂಸ್ಥೆಯು 1899ರಲ್ಲಿ ಹೊರತಂದ, 1957ರಿಂದ ‘ಮಾಡೆಲ್ 10’ ಎನಿಸಿಕೊಂಡ ಆಯುಧ. ಇಂತಹ 60 ಲಕ್ಷಕ್ಕೂ ಹೆಚ್ಚು ರಿವಾಲ್ವರ್‌ಗಳು ತಯಾರಾಗಿವೆ.

ಇದರ ಆಕರ್ಷಣೆಗೆ ಸರಳತೆಯೇ ಕಾರಣ. ಒಂದು ಗುಂಡು ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು. ಗುಂಡಿನ ಉರುಳೆ ತಿರುಗಿ ಮುಂದಿನ ಗುಂಡು ನಳಿಗೆಯ ನೇರಕ್ಕೆ ಬರುತ್ತದೆ. ಆದರೆ ಅದರಲ್ಲಿ ಹಿಡಿಯುವುದು ಆರೇ ಗುಂಡು. ಮತ್ತೆ ತುಂಬುವುದೂ ನಿಧಾನ. 1986ರಲ್ಲಿ ಮಿಯಾಮಿ ಪ್ರದೇಶದಲ್ಲಿ ದರೋಡೆಕೋರರೊಡನೆ ನಡೆದ ಕಾಳಗದಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ರಿವಾಲ್ವರ್‌ಗೆ ಗುಂಡು ತುಂಬುತ್ತಿರುವಾಗಲೇ ಅವರ ಕೈಗೆ ಗುಂಡೇಟು ಬಿದ್ದಿತು. ಅನಂತರ ಅಲ್ಲಿನ ಪೊಲೀಸ್ ಇಲಾಖೆಗಳು ಹೆಚ್ಚು ಗುಂಡು ಹಿಡಿಯುವ ಪಿಸ್ತೂಲಿನತ್ತ ಬೇಗನೆ ಹೊರಳಿದವು. ನ್ಯೂಯಾರ್ಕ್ ನಗರ ಪೊಲೀಸರು ಕೊನೆಯ ಸೇವಾ ರಿವಾಲ್ವರ್‌ಗಳನ್ನು ಕೈಬಿಟ್ಟದ್ದು 2018ರಲ್ಲಿ. ಕೆಲವು ಹಿರಿಯ ಸಿಬ್ಬಂದಿ ಅಲ್ಲಿಯವರೆಗೂ ಅದನ್ನೇ ನೆಚ್ಚಿಕೊಂಡಿದ್ದರು.