ಗೆರೆ ಎಳೆದ ಕೈ, ಗೋಡೆ ಕಟ್ಟಿದ ಕೈ

ಎರಡು ವರ್ಷಗಳ ಹಿಂದೆ ಲಂಡನ್ನಿನ ನಮ್ಮ ಮನೆಯ ನೆಲಮಹಡಿಯಲ್ಲಿ ಒಂದು ಕೋಣೆಯನ್ನೂ ಸ್ನಾನದ ಮನೆಯನ್ನೂ ಕಟ್ಟಿಸಲು ತೊಡಗಿದೆವು. ಆರು ತಿಂಗಳ ವೀಸಾದ ಮೇಲೆ ಮಲೆನಾಡಿನಿಂದ ಬರಲಿದ್ದ ತಂದೆಯವರಿಗೆ ಮೆಟ್ಟಿಲು ಹತ್ತುವುದು ಕಷ್ಟ. ಅವರಿಗಾಗಿಯೇ ಈ ಸಿದ್ಧತೆ. ನಕ್ಷೆ ಬರೆದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು. ಹೊಸ ಕೊಳವೆಯಿಂದ ಹಿತ್ತಲಿನ ಹಳೆಯ ಚರಂಡಿಗೆ ನೀರು ಹರಿಯುವಷ್ಟು ಇಳಿಜಾರಿಲ್ಲವೆಂಬುದು ನೆಲ ಹಾಕಿ ಮುಗಿದ ಮೇಲೆ ತಿಳಿಯಿತು. ನಕ್ಷೆಯಲ್ಲಿದ್ದಂತೆಯೇ ಕಟ್ಟಿದ್ದೇವೆ ಎಂದರು ಕಟ್ಟಿದವರು. ಚರಂಡಿಯ ಆಳವನ್ನು ಸ್ಥಳದಲ್ಲಿ ಅಳೆಯಬೇಕಾದದ್ದು ಕಟ್ಟುವವರ ಹೊಣೆ ಎಂದರು ನಕ್ಷೆ ಬರೆದವರು. ನೆಲ ಒಡೆದು ಸರಿಪಡಿಸುವಷ್ಟರಲ್ಲಿ ತಂದೆಯವರ ಆರು ತಿಂಗಳಲ್ಲಿ ನಾಲ್ಕು ಕಳೆದಿದ್ದವು. ಅಷ್ಟೂ ದಿನ ಅವರು ನನ್ನ ತೋಳು ಹಿಡಿದು ಮಹಡಿ ಹತ್ತಿ ಸ್ನಾನಕ್ಕೆ ಹೋದರು. "ಅಲ್ಲ ಮಾರಾಯ, ಇದನ್ನು ಕಟ್ಟಿದ್ದು ಯಾರು ಅಂತ ಕೇಳಿದ್ರೆ ನೀನು ಯಾರ ಹೆಸರು ಹೇಳ್ತೀಯ?" ಎಂದು ಒಂದು ದಿನ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ದೊರೆತ ಇತಿಹಾಸವಿದು.

ಯೋಜಿಸುವವನು ಬೇರೆ, ಕಟ್ಟುವವನು ಬೇರೆ ಎಂಬ ವಿಂಗಡಣೆ ಬಹಳ ಹಳೆಯದಲ್ಲ. ಮಧ್ಯಯುಗದ ಯೂರೋಪಿನಲ್ಲಿ ದೊಡ್ಡ ಚರ್ಚುಗಳ ರೂಪವನ್ನು ನಿರ್ಣಯಿಸುತ್ತಿದ್ದವನು ಕಲ್ಲುಕುಟಿಗರ ಮುಖ್ಯಸ್ಥನೇ. ಕಾಲಕ್ರಮದಲ್ಲಿ ವಿನ್ಯಾಸವು ವಿದ್ಯಾವಂತರ ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. 1834ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಸ್ಥಾಪನೆಯಾದಾಗ, ಕಟ್ಟಡದ ಗುತ್ತಿಗೆಯಲ್ಲಿ ಲಾಭದ ಪಾಲು ಪಡೆಯುವವರನ್ನು ಅದು ಹೊರಗಿರಿಸಿತು. ಕಾರಣ ನ್ಯಾಯವಾದದ್ದೇ: ಗುತ್ತಿಗೆದಾರನ ಕೆಲಸವನ್ನು ಪರೀಕ್ಷಿಸಬೇಕಾದವನು ಅದೇ ಲಾಭದಲ್ಲಿ ಪಾಲುದಾರನಾಗಿದ್ದರೆ, ಮನೆಯ ಯಜಮಾನನ ಪರವಾಗಿ ಮಾತನಾಡುವವರು ಯಾರು?

ಇದಕ್ಕೆ ಮೊದಲೇ ಅದೇ ನಗರದಲ್ಲಿ ಇನ್ನೊಬ್ಬನು ಬೇರೆ ದಾರಿ ಹಿಡಿದಿದ್ದನು. ಅವನ ಹೆಸರು ಥಾಮಸ್ ಕ್ಯುಬಿಟ್. 1788ರಲ್ಲಿ ನಾರ್ವಿಚ್ ಬಳಿ ಹುಟ್ಟಿದ ಈತ ಬಡಗಿ. ಹಡಗಿನ ಬಡಗಿಯಾಗಿ ಭಾರತಕ್ಕೂ ಪ್ರಯಾಣ ಮಾಡಿದ್ದನು. ಆಗ ಮನೆ ಕಟ್ಟಬೇಕಾದರೆ ಇಟ್ಟಿಗೆ ಕೆಲಸದವನು, ಬಡಗಿ, ಗಾರೆಯವನು, ಕೊಳವೆ ಜೋಡಿಸುವವನು ಇವರೆಲ್ಲರೊಡನೆ ಬೇರೆ ಬೇರೆ ಒಪ್ಪಂದ ಆಗಬೇಕಿತ್ತು. ಒಬ್ಬನು ತಡಮಾಡಿದರೆ ಎಲ್ಲವೂ ನಿಲ್ಲುತ್ತಿತ್ತು. 1815ರ ಸುಮಾರಿಗೆ ಲಂಡನ್ ಇನ್‌ಸ್ಟಿಟ್ಯೂಷನ್ನಿನ ಕಟ್ಟಡದ ಗುತ್ತಿಗೆ ಹಿಡಿದ ಕ್ಯುಬಿಟ್, ಗ್ರೇಸ್ ಇನ್ ರಸ್ತೆಯಲ್ಲಿ ಕಾರ್ಯಾಗಾರಗಳನ್ನು ತೆರೆದು ಎಲ್ಲ ಕಸುಬಿನವರನ್ನೂ ಕಾಯಂ ಸಂಬಳದ ಮೇಲೆ ನೇಮಿಸಿಕೊಂಡನು. ಸಂಬಳ ನಿಲ್ಲಬಾರದೆಂದರೆ ಕೆಲಸ ನಿಲ್ಲಬಾರದು. ಆದುದರಿಂದ ತಾನೇ ಭೂಮಿ ಹಿಡಿದು ಮನೆಗಳ ಸಾಲುಗಳನ್ನು ಕಟ್ಟತೊಡಗಿದನು. ವಿನ್ಯಾಸದ ಕೆಲಸವೂ ಅದೇ ಸೂರಿನಡಿ ನಡೆಯುತ್ತಿತ್ತು. ಅಲ್ಲಿ ಮನೆಗಳ ನಕ್ಷೆ ಬರೆದ ಅವನ ತಮ್ಮ ಲೂಯಿಸ್ ಮುಂದೆ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣವನ್ನು ರೂಪಿಸಿದನು.

1820ರ ದಶಕದಲ್ಲಿ ಬೆಲ್‌ಗ್ರೇವಿಯಾ ಇನ್ನೂ ಜೌಗು ನೆಲ. ಕ್ಯುಬಿಟ್ ಅಲ್ಲಿನ ಮೇಲ್ಪದರದ ಜೇಡಿಮಣ್ಣನ್ನು ತೆಗೆಸಿ, ಅದರಿಂದಲೇ ಇಟ್ಟಿಗೆ ಸುಡಿಸಿ, ಕೆಳಗಿನ ಗರಸಿನ ಪದರದ ಮೇಲೆ ಅಡಿಪಾಯ ಹಾಕಿಸಿದನು. ನೆಲ, ಚರಂಡಿ, ರಸ್ತೆ, ಮನೆ ಎಲ್ಲವನ್ನೂ ಒಂದೇ ದೃಷ್ಟಿಯಲ್ಲಿ ಕಂಡವನಿಗೆ ಮಾತ್ರ ಇದು ಸಾಧ್ಯ. ಲಂಡನ್ನಿನ ಹೊಲಸು ಥೇಮ್ಸ್ ನದಿಯನ್ನು ಸೇರದಂತೆ ಮಾಡುವ ಬಗೆಗೆ 1843ರಲ್ಲೇ ಅವನು ಕಿರುಹೊತ್ತಿಗೆಯೊಂದನ್ನು ಪ್ರಕಟಿಸಿದನು. ಕಾಲರಾ ಮರುಕಳಿಸುತ್ತಿದ್ದ ಆ ದಶಕಗಳಲ್ಲಿ ಒಬ್ಬ ಬಡಗಿ ಹೀಗೆ ಯೋಚಿಸಿದನೆಂಬುದು ವೈದ್ಯವೃತ್ತಿಯ ನನಗೆ ವಿಶೇಷವಾಗಿ ಕಾಣುತ್ತದೆ. 1845ರಲ್ಲಿ ವೈಟ್ ದ್ವೀಪದ ಆಸ್ಬೋರ್ನ್ ಮನೆಯನ್ನು ಕಟ್ಟಿಸಲು ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಆರಿಸಿಕೊಂಡದ್ದೂ ಅವನನ್ನೇ. ಪ್ರತ್ಯೇಕ ವಾಸ್ತುಶಿಲ್ಪಿಯಿಲ್ಲದೆ ಆಲ್ಬರ್ಟನೂ ಕ್ಯುಬಿಟ್‌ನೂ ಕೂಡಿ ವಿನ್ಯಾಸ ಮಾಡಿದರು. ಮರುವರ್ಷವೇ ರಾಜಕುಟುಂಬ ಮುಖ್ಯ ಭಾಗದಲ್ಲಿ ವಾಸಕ್ಕೆ ಬಂದಿತು. 1851ರಲ್ಲಿ ಕೆಲಸ ಪೂರ್ಣಗೊಂಡಿತು.

ಹಾಗೆಂದು ಒಂದೇ ಕೈಯಲ್ಲಿ ಎಲ್ಲವೂ ಇದ್ದರೆ ಸಾಕೆಂದು ತಿಳಿಯುವುದು ತಪ್ಪಾದೀತು. ಗೇಣಿ ಭೂಮಿಯಲ್ಲಿ ತಾವೇ ಯೋಜಿಸಿ, ತಾವೇ ಕಟ್ಟಿ, ಬೇಗನೆ ಮಾರಿ ಹೋಗುತ್ತಿದ್ದವರ ದುರ್ಬಲ ಗೋಡೆಗಳನ್ನೂ ಲಂಡನ್ ಕಂಡಿತ್ತು. ಕ್ಯುಬಿಟ್ ಹಾಗೆ ಹೋಗುವವನಾಗಿರಲಿಲ್ಲ. ತನ್ನ ಬಡಾವಣೆಗಳ ಬೀದಿ, ಚರಂಡಿಗಳ ಹೊಣೆಯನ್ನು ವರ್ಷಗಟ್ಟಲೆ ಹೊತ್ತನು. ನಮ್ಮ ಮಲೆನಾಡಿನ ತೊಟ್ಟಿ ಮನೆಗಳ ಕಥೆಯೂ ಬೇರೆಯಲ್ಲ. ಗೂಟ ಹೊಡೆದು ಹಗ್ಗ ಕಟ್ಟಿ, ಆಯ ಲೆಕ್ಕ ಹಾಕಿದ ಆಚಾರಿಯೇ ಕಂಬ ನಿಲ್ಲಿಸುತ್ತಿದ್ದನು. ಅಂಗಳದಲ್ಲಿ ಮಳೆನೀರು ನಿಂತರೆ ಕರೆ ಹೋಗುತ್ತಿದ್ದುದು ಅವನಿಗೇ, ಏಕೆಂದರೆ ಅವನು ಅದೇ ಊರಿನವನು.

ಆಸ್ಪತ್ರೆಯಲ್ಲಿಯೂ ರೋಗಿಯನ್ನು ಒಂದು ತಂಡ ಇನ್ನೊಂದಕ್ಕೆ ಒಪ್ಪಿಸುವ ಗಳಿಗೆಯಲ್ಲೇ ತಪ್ಪುಗಳು ನುಸುಳುತ್ತವೆ. ಮನೆಯ ವಿಷಯದಲ್ಲಿ ಆ ಸಂದಿಯನ್ನು ಮುಚ್ಚುವ ಪ್ರಯತ್ನ ಈ ದೇಶದಲ್ಲಿ ಮತ್ತೆ ನಡೆದಿದೆ. ವಿನ್ಯಾಸದ ಹೊಣೆಯನ್ನೂ ಗುತ್ತಿಗೆದಾರನಿಗೇ ಒಪ್ಪಿಸುವ ಒಪ್ಪಂದದ ನಮೂನೆಯನ್ನು ಜಾಯಿಂಟ್ ಕಾಂಟ್ರಾಕ್ಟ್ಸ್ ಟ್ರಿಬ್ಯೂನಲ್ 1981ರಲ್ಲಿ ಪ್ರಕಟಿಸಿತು. ಬೆಲೆ ಮೊದಲೇ ತಿಳಿಯುತ್ತದೆ, ವಿನ್ಯಾಸದ ಕೆಲಸ ಮುಗಿಯುವ ಮೊದಲೇ ಅಡಿಪಾಯದ ಕೆಲಸ ತೊಡಗಬಹುದು, ತಪ್ಪಾದರೆ ಉತ್ತರ ಕೊಡುವವರು ಒಬ್ಬರೇ. ಆದರೆ ಆ ಒಬ್ಬರ ಕೆಲಸವನ್ನು ನೋಡಲು ನಮ್ಮ ಪರವಾಗಿ ಸ್ವತಂತ್ರ ಪರಿಶೀಲಕರೊಬ್ಬರು ಇರಲೇಬೇಕು. 1834ರವರ ಆತಂಕ ಇಂದಿಗೂ ಸುಳ್ಳಲ್ಲ.

ಮನೆ ವಿಸ್ತರಿಸಲು ಹೊರಟಿರುವ ಸದಸ್ಯ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೇ. ಇಬ್ಬರನ್ನು ನೇಮಿಸುವುದಾದರೂ ನಕ್ಷೆ ಮುಗಿಯುವ ಮೊದಲೇ ಕಟ್ಟುವವರನ್ನು ಅದೇ ಮೇಜಿನ ಬಳಿ ಕೂರಿಸಿರಿ. ಚರಂಡಿಯ ಮುಚ್ಚಳ ತೆಗೆಸಿ ಆಳ ಅಳೆಯಿಸಿರಿ. ಯಾವ ತಪ್ಪಿಗೆ ಯಾರು ಹೊಣೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ತಂದೆಯವರು ಕೇಳಿದ ಪ್ರಶ್ನೆಯನ್ನು ಕೆಲಸ ತೊಡಗುವ ಮೊದಲೇ ನೀವು ಕೇಳಿದರೆ, ನಿಮ್ಮ ಮನೆಗೆ ಬರುವ ಹಿರಿಯರ ಆರು ತಿಂಗಳು ಆರು ತಿಂಗಳಾಗಿಯೇ ಉಳಿದಾವು.